ಬೆಲ್ಲದ ಬಣ್ಣದ ಕಾರು

ಆ ಕಾರಿನ ನಂಬರನ್ನು ನಾನು ನೋಡಲಿಲ್ಲ. ಬಣ್ಣ ನೋಡಿದೆ. ನೋಡಲು ಹೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮೊಪೆಡ್ಡನ್ನು ದಾಟಿ ಮುಂದೆ ಹೋದ ಮೇಲೆ ಅದರ ಬೆನ್ನು ನನ್ನ ಕಣ್ಣೆದುರಿಗೇ ಇತ್ತು. ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸಬಹುದಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಅಂಕೆಯಲ್ಲಿ ಎರಡಾದರೂ ಅವರ ತಲೆಯಲ್ಲಿ ಉಳಿದಿರುತ್ತಿದ್ದವು. ನಾನು ಕಾರಿಗೆ ಬಣ್ಣ ಹೊಡೆಯುವವನು. ಮೂವತ್ತು ವರ್ಷದಿಂದ ಅದೇ ಕೆಲಸ. ಕಾರು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ. ಬಣ್ಣ ಕಂಡರೆ ಸಾಕು, ಉಳಿದದ್ದನ್ನು ನೋಡುವುದಿಲ್ಲ.

ನಮ್ಮ ಷೆಡ್ಡು ಮಂಡ್ಯದ ಹೊರಗೆ, ಹಳೆಯ ಮೈಸೂರು ರಸ್ತೆಯಲ್ಲಿದೆ. ಮೇಲೆ ತಗಡು, ಮೂರು ಕಡೆ ಗೋಡೆ, ಮುಂದೆ ಒಂದು ಹೊಂಗೆ ಮರ. ಕೆಲಸ ಕಲಿಸಿದ ಮೇಸ್ತ್ರಿಯದ್ದೇ ಷೆಡ್ಡು. ಈಗ ಅವರಿಗೆ ಬಣ್ಣ ಹೊಡೆಯುವ ಗನ್ನು ಹಿಡಿದರೆ ಕೈ ನಡುಗುತ್ತದೆ. ಆದರೂ ಬೆಳಗ್ಗೆ ಹತ್ತಕ್ಕೆ ಬಂದು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರು ಕಲಿಸಿದ ಮೊದಲ ಪಾಠ ಬಣ್ಣ ಕಲೆಸುವುದಲ್ಲ, ನೋಡುವುದು. ಬಿಸಿಲು ಏರುವ ಮುಂಚೆ ಯಾವ ಕಾರಿನ ಬಣ್ಣವನ್ನೂ ತೀರ್ಮಾನ ಮಾಡಬಾರದು. ಸಂಜೆ ನಾಲ್ಕರ ಮೇಲೂ ಮಾಡಬಾರದು.

"ಆಗ ಕಾಣೋದು ಕಾರಿನ್ ಬಣ್ಣ ಅಲ್ಲ ಕಣ್ಲಾ, ಸೂರ್ಯನ್ ಬಣ್ಣ," ಎನ್ನುತ್ತಿದ್ದರು. "ಅವುನ್ಗೆ ಮ್ಯಾಚ್ ಮಾಡಕ್ಕೆ ನಿಮ್ಮಪ್ಪನ್ ಕೈಲೂ ಆಗಕಿಲ್ಲ."

ಗಿರಾಕಿಗಳು ಬೆಳಗ್ಗೆ ಏಳಕ್ಕೇ ಕಾರು ತಂದು ನಿಲ್ಲಿಸಿ ಅವಸರ ಮಾಡಿದರೂ ನಮ್ಮಲ್ಲಿ ಒಂಬತ್ತೂವರೆಯವರೆಗೆ ಬಣ್ಣದ ಡಬ್ಬ ತೆಗೆಯುವುದಿಲ್ಲ. ಉಜ್ಜುತ್ತೇವೆ, ಪುಟ್ಟಿ ಹಚ್ಚುತ್ತೇವೆ, ಬಣ್ಣ ಕಲೆಸುವುದಿಲ್ಲ. ಈ ಕಟ್ಟಳೆಯನ್ನು ನಾನು ಷೆಡ್ಡಿನೊಳಗೆ ಒಂದು ದಿನವೂ ಮುರಿದಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಕಾರುಗಳು ಕಡಿಮೆ, ಬಣ್ಣಗಳು ಅದಕ್ಕಿಂತ ಕಡಿಮೆ. ಕೆನೆ ಬಣ್ಣ, ಕಪ್ಪು, ಸರ್ಕಾರಿ ಬಿಳಿ. ಡಾಕ್ಟರೊಬ್ಬರದು ಮಾತ್ರ ತಿಳಿಹಸಿರು ಇತ್ತು, ಆಸ್ಪತ್ರೆಯ ಗೋಡೆಯ ಹಾಗೆ. ಆಮೇಲೆ ಪುಟ್ಟ ಕಾರುಗಳು ಬಂದವು, ಅವುಗಳ ಜೊತೆ ಕೆಂಪು ಬಂತು. ಆ ಕೆಂಪು ಮೂರು ಬೇಸಿಗೆಗೆ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಮತ್ತೆ ಕೆಂಪು ಮಾಡುತ್ತಲೇ ನನ್ನ ಕೈ ಪಳಗಿತು. ಅದಾದ ಮೇಲೆ ಬೆಳ್ಳಿ. ಅಲ್ಯೂಮಿನಿಯಂ ಪುಡಿ ಬೆರೆಸಿದ ಮೆಟಾಲಿಕ್ ಬಣ್ಣ. ಒಂದು ಮೂಲೆಗೆ ಪೆಟ್ಟು ಬಿದ್ದರೂ ಇಡೀ ಬಾಗಿಲಿಗೆ ಹೊಡೆಯಬೇಕು, ಇಲ್ಲದಿದ್ದರೆ ತೇಪೆ ಕಾಣುತ್ತದೆ. ಊರೆಲ್ಲ ಬೆಳ್ಳಿಯಾಗಿ ಜನಕ್ಕೆ ಸಾಕಾದಾಗ ಚಿನ್ನದ ಬಣ್ಣ ಬಂತು. ಕಂಪನಿಯವರು ಅದಕ್ಕೆ ಏನೇನೋ ಹೆಸರಿಟ್ಟಿದ್ದರು. ನಮ್ಮ ಕಡೆ ಅದು ಬೆಲ್ಲದ ಬಣ್ಣವಾಯಿತು. ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿ ಅಚ್ಚಿಗೆ ಹೊಯ್ದ ಬೆಲ್ಲ ಆರುವ ಮುಂಚೆ ಹೊಳೆಯುತ್ತದಲ್ಲ, ಆ ಬಣ್ಣ. ಮೂರು ನಾಲ್ಕು ವರ್ಷ ಮದುವೆ ಗಂಡುಗಳಿಗೆಲ್ಲ ಅದೇ ಬೇಕಿತ್ತು. ಕೆರಗೋಡಿನ ಒಂದು ಮದುವೆಯಲ್ಲಿ ಛತ್ರದ ಮುಂದೆ ಬೆಲ್ಲದ ಕಾರುಗಳು ಸಾಲಾಗಿ ನಿಂತು, ಮದುಮಗ ಬೇರೆ ಯಾರದ್ದೋ ಕಾರಿಗೆ ಹತ್ತಿ ಕೂತು, ಹೆಣ್ಣಿನವರೆಲ್ಲ ನಕ್ಕಿದ್ದನ್ನು ನಾನೇ ನೋಡಿದ್ದೇನೆ.

ಆ ಗೀಳೂ ಇಳಿಯಿತು. ಬೆಲ್ಲದ ಕಾರು ಮುದುಕರ ಕಾರಾಯಿತು. ಒಬ್ಬೊಬ್ಬರೇ ಮಾರಿದರು. ಈಗ ಹತ್ತು ಕಾರು ಬಂದರೆ ಏಳು ಬಿಳಿ. ಉಳಿದದ್ದು ಬೂದು. ಹೊಳಪೇ ಇಲ್ಲದ, ಹಸಿ ಸಿಮೆಂಟಿನಂಥ ಬೂದು ಬಣ್ಣದ ಹೊಸ ಕಾರನ್ನು ಮೇಸ್ತ್ರಿ ಮೊದಲ ಸಲ ಕಂಡಾಗ ಅದರ ಸುತ್ತ ಒಂದು ಸುತ್ತು ಬಂದರು.

"ಏನ್ ಸ್ವಾಮಿ, ಪ್ರೈಮರ್ ಒಡ್ದು ಅಂಗೇ ಬುಟ್ಟವ್ರೆ? ಬಣ್ಣ ಮರ್ತೋಯ್ತಾ?" ಎಂದು ಕಾರಿನವರನ್ನೇ ಕೇಳಿದರು. ಅವರು ಮತ್ತೆ ನಮ್ಮ ಷೆಡ್ಡಿಗೆ ಬರಲಿಲ್ಲ.

ಇಷ್ಟನ್ನು ಹೇಳುವುದಕ್ಕೆ ಕಾರಣವಿದೆ. ಬೆಲ್ಲದ ಬಣ್ಣ ಹೋಗಿ ಎಲ್ಲೆಲ್ಲೂ ಬಿಳಿ ಬಂದಿರದಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ.

ನನ್ನ ಊರು ಹನಕೆರೆಗೂ ಆಚೆ, ಮದ್ದೂರಿನ ಕಡೆ. ದಿನವೂ ಬೆಳಗ್ಗೆ ಆರೂವರೆಗೆ ಮೊಪೆಡ್ಡಿನಲ್ಲಿ ಹೊರಟು ಸರ್ವಿಸ್ ರಸ್ತೆಯಲ್ಲಿ ಮಂಡ್ಯಕ್ಕೆ ಹೋಗುತ್ತೇನೆ. ಸೂರ್ಯ ಬೆನ್ನಿಗಿರುತ್ತಾನೆ. ಹನಕೆರೆ ದಾಟುವಾಗ ಹಾಲಿನ ಡೈರಿಗೆ ನಡೆದು ಹೋಗುವ ಒಬ್ಬ ಹೆಂಗಸು ಸಿಗುತ್ತಿದ್ದರು. ಐವತ್ತರ ಆಸುಪಾಸು, ಸೊಂಟದಲ್ಲಿ ಕ್ಯಾನು. ಹೆಸರು ಕೇಳಿದವನಲ್ಲ. ಒಮ್ಮೆ ನನ್ನ ಗಾಡಿ ಕೆಟ್ಟು ನಿಂತಿದ್ದಾಗ ಪಕ್ಕದಲ್ಲಿ ಹಾದು ಹೋಗುತ್ತಾ, "ಏನಣ್ಣ, ಇದ್ಕಿಂತ ನಮ್ಮೆಮ್ಮೆ ಮ್ಯಾಲೆ ಕುಂತ್ಕ ಓಗಿದ್ರೆ ಇಷ್ಟೊತ್ಗೆ ಮಂಡ್ಯ ಸೇರ್ತಿದ್ದೆ," ಎಂದಿದ್ದರು. ಅವತ್ತಿನಿಂದ ಅವರು ಕಂಡರೆ ಹಾರ್ನ್ ಹೊಡೆಯುತ್ತಿದ್ದೆ. ಅವರು ತಿರುಗಿ ನೋಡದೆ ಬರೀ ಕೈ ಎತ್ತುತ್ತಿದ್ದರು.

ಅವತ್ತು ಹಾರ್ನ್ ಹೊಡೆಯುವಷ್ಟು ಹತ್ತಿರಕ್ಕೆ ಇನ್ನೂ ಹೋಗಿರಲಿಲ್ಲ. ಕಾರು ನನ್ನ ಬಲಕ್ಕೆ ದಾಟಿ ಹೋಯಿತು. ವೇಗ ಬಹಳ ಇರಲಿಲ್ಲ. ಹೋಗುತ್ತಾ ಹೋಗುತ್ತಾ ಎಡಕ್ಕೆ ವಾಲಿತು, ಓಡಿಸುವವನು ಬೇರೆಲ್ಲೋ ನೋಡುತ್ತಿದ್ದ ಹಾಗೆ. ಮೊದಲು ಕೇಳಿದ್ದು ಕ್ಯಾನು ರಸ್ತೆಗೆ ಬಿದ್ದ ಸದ್ದು. ಬ್ರೇಕಿನ ದೀಪ ಒಂದು ಸಲ ಹತ್ತಿತು. ಆರಿತು. ಕಾರು ಹೋಯಿತು.

ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಿವಿಯಿಂದ ರಕ್ತ ಬರುತ್ತಿತ್ತು. ಹಾಲು ರಸ್ತೆಯ ಇಳಿಜಾರಿಗೆ ಹರಿದು ಬಂದು ನನ್ನ ಮೊಣಕಾಲಿಗೆ ತಾಗಿತು, ಇನ್ನೂ ಬೆಚ್ಚಗಿತ್ತು. "ಕ್ಯಾನು," ಎಂದರು. "ಇಲ್ಲೇ ಐತೆ ಕಣಕ್ಕ," ಎಂದೆ. ಆಂಬುಲೆನ್ಸ್ ಬರುವ ಮುಂಚೆ ಉಸಿರು ನಿಂತಿತು.

ಜನ ಸೇರಿದರು. ಜೀಪು ಬಂತು. ಎಸ್ಸೈ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು.

"ಯಾವ್ ಬಣ್ಣ? ಬಿಳೀನಾ?" ಎಂದರು. ಎಲ್ಲರೂ ಬಿಳಿ ಎಂದೇ ಹೇಳುತ್ತಾರೆ ಎಂಬ ಬೇಸರ ಅವರ ದನಿಯಲ್ಲಿತ್ತು.

"ಅಲ್ಲ ಸಾರ್. ಬೆಲ್ಲದ ಬಣ್ಣ. ಮೆಟಾಲಿಕ್."

"ಸರಿಯಾಗ್ ನೋಡಿದ್ಯಾ?"

ಗುಂಪಿನಲ್ಲಿ ನನ್ನ ಗುರುತಿನವರೊಬ್ಬರು, "ಸಾರ್, ಅವ್ರು ಪೇಂಟರು. ಕಣ್ ಮುಚ್ಕಂಡು ಯೋಳ್ತಾರೆ," ಎಂದರು.

ಎಸ್ಸೈ ಪೆನ್ನು ತೆಗೆದು ಬರೆದುಕೊಂಡರು. ಹೇಳುವಾಗ ನನಗೆ ಅನುಮಾನ ಇರಲಿಲ್ಲ. ಅನುಮಾನ ಇಲ್ಲದ್ದರಿಂದಲೇ ಅಷ್ಟು ಗಟ್ಟಿಯಾಗಿ ಹೇಳಿದೆ. ಮುಂದಿನ ಪೆಟ್ರೋಲ್ ಬಂಕಿನ ಕ್ಯಾಮೆರಾ ಮೂಡಣಕ್ಕೆ ತಿರುಗಿತ್ತು. ಆ ಹೊತ್ತಿನ ಬಿಸಿಲು ನೇರ ಅದರ ಕಣ್ಣಿಗೆ ಹೊಡೆದು ಏನೂ ಮೂಡಿರಲಿಲ್ಲ. ಹಾಗಾಗಿ ಉಳಿದದ್ದು ನನ್ನ ಮಾತೊಂದೇ.

ಹೆಣವನ್ನು ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು. ಊರಿನವರು ಶವಾಗಾರದ ಹೊರಗೆ ಕಾಯುತ್ತಿದ್ದಾಗ, ಹನ್ನೊಂದು ಗಂಟೆಯ ಹೊತ್ತಿಗೆ, ಅದೇ ಆವರಣದಲ್ಲಿ ಒಂದು ಬೆಲ್ಲದ ಬಣ್ಣದ ಕಾರು ನಿಂತಿರುವುದು ಅವರ ಕಣ್ಣಿಗೆ ಬಿತ್ತು. ಸುತ್ತ ಇದ್ದದ್ದೆಲ್ಲ ಬಿಳಿ. ಹತ್ತಿರ ಹೋಗಿ ನೋಡಿದರೆ ಮುಂದಿನ ಬಂಪರಿನ ಎಡ ಮೂಲೆಗೆ ಬೇರೆ ಬಣ್ಣ ಹೊಡೆದಿದೆ. ಅಷ್ಟು ಸಾಕಾಯಿತು. ಗಾಜು ಒಡೆದರು. ಕಾರಿನವರು ಓಡಿ ಬಂದಾಗ ಅವರ ಅಂಗಿ ಹಿಡಿದರು. ಪೊಲೀಸರು ಬಂದು ಬಿಡಿಸಿದರು. ಬಿಡಿಸಿ ಠಾಣೆಗೆ ಕರೆದೊಯ್ದರು.

ಮರುದಿನ ಮಧ್ಯಾಹ್ನ ಕಾರನ್ನು ಗುರುತಿಸಲು ನನ್ನನ್ನು ಕರೆಸಿದರು.

ಠಾಣೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಪಾದ ಊದಿಕೊಂಡಿತ್ತು, ಒಂದು ತೋಳಿಗೆ ಬ್ಯಾಂಡೇಜು, ಮಡಿಲಲ್ಲಿ ಆಸ್ಪತ್ರೆಯ ಫೈಲು. ನಾನು ಪೊಲೀಸಿನವನೆಂದು ತಿಳಿದು ಎದ್ದು ನಿಂತರು.

"ಸ್ವಾಮಿ, ನಾಳಿದ್ದು ಬೆಳಗ್ಗೆ ನನ್ ಸರ್ದಿ. ಡಯಾಲಿಸಿಸ್‌ದು. ಅಷ್ಟೊತ್ಗೆ ನಮ್ಮೋರ್ನ ಬುಡ್ತಾರಾ?"

ನಾನು ಪೊಲೀಸಿನವನಲ್ಲ ಎಂದೆ. ಅವರು ಮತ್ತೆ ಕೂತು ತಾವಾಗಿಯೇ ಹೇಳಿದರು. ಊರು ಬ್ಲಫ್, ಮಳವಳ್ಳಿಯಾಚೆಯ ಪವರ್ ಹೌಸಿನ ಊರು. ಗಂಡನಿಗೆ ಅಲ್ಲೇ ಕೆಲಸ. ವಾರಕ್ಕೆ ಎರಡು ಸಲ ಕತ್ತಲಿರುವಾಗಲೇ ಹೊರಟು, ಮಳವಳ್ಳಿಗೆ ಬಂದು, ಅಲ್ಲಿಂದ ಮದ್ದೂರಿನ ಮೇಲೆ ಸುತ್ತಿಕೊಂಡು ಮಂಡ್ಯಕ್ಕೆ ಬರುತ್ತಾರೆ. ಆ ರಸ್ತೆಯಲ್ಲಿ ಕುಲುಕಾಟ ಕಡಿಮೆ ಎಂದು ಗಂಡ ಹಾಗೆ ಸುತ್ತುವುದು. ಆ ಹೊತ್ತಿಗೆ ಬ್ಲಫ್‌ನಿಂದ ಬಸ್ಸಿಲ್ಲ.

"ಈ ಕಾರ್ ಮಾರಿ ಬಿಳೀದು ತಗಳಾಣ ಅಂದ್ರು. ನಾನೇ ಬ್ಯಾಡ ಅಂದೆ ಕಣಪ್ಪ. ನನ್ ಕಣ್ಣು ಮಂಜು. ಆಸ್ಪತ್ರೆ ಮೆಟ್ಲು ಮ್ಯಾಲಿಂದ ನೋಡುದ್ರೆ ನಮ್ದೊಂದೇ ಗೊತ್ತಾಗದು. ಉಳ್ದವೆಲ್ಲ ಒಂದೇ ತರ. ಅದ್ಕೇ ಉಳುಸ್ಕಂಡ್ವಿ."

ಒಳಗೆ ಅವರ ಗಂಡ ಗೋಡೆಗೆ ಒರಗಿ ಕೂತಿದ್ದರು. ಅಂಗಿಯ ಮೇಲಿನ ಎರಡು ಗುಂಡಿ ಹೋಗಿದ್ದವು. ತುಟಿ ಸೀಳಿತ್ತು. ನನ್ನನ್ನು ನೋಡಿ, ದನಿ ಏರಿಸದೆ ಕೇಳಿದರು.

"ನೀವು ನನ್ನನ್ನ ನೋಡಿದ್ರಾ?"

"ಇಲ್ಲ ಸಾರ್. ಕಾರ್ ನೋಡ್ದೆ."

"ನನ್ನ ಕಾರನ್ನ?"

ಎಸ್ಸೈ ನನ್ನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ಮಟಮಟ ಮಧ್ಯಾಹ್ನ. ಕಾರು ಬಿಸಿಲಲ್ಲಿ ನಿಂತಿತ್ತು. ಬಂಪರಿನ ತೇಪೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಯಾರೋ ಅರೆಬರೆ ಕಲಿತವರ ಕೆಲಸ, ಬಣ್ಣ ಒಂದು ಛಾಯೆ ಹೆಚ್ಚು ಕೆಂಪಗಾಗಿತ್ತು. ಆದರೆ ಹೊಸದಲ್ಲ. ಮೇಲಿನ ಹೊಳಪು ಸತ್ತು, ಅಂಚಿನಲ್ಲಿ ಧೂಳು ಕೂತು ಗಟ್ಟಿಯಾಗಿತ್ತು. ಒಂದು ಮಳೆಗಾಲ ಕಂಡ ಬಣ್ಣ. ಇದನ್ನು ಎಸ್ಸೈಗೆ ಹೇಳಿದೆ.

"ಅದ್ ಇರ್ಲಿ. ಅವ್ನೂ ಅದೇ ಯೋಳ್ತಾನೆ, ಮನೆ ಗೇಟಿಗೆ ತಗುಲ್ತು ಅಂತ. ಒಂದೇ ಮೂಲೇಲಿ ಎರಡ್ ಸಲ ಗುದ್ದಬಾರ್ದು ಅಂತ ಏನಾದ್ರೂ ಐತಾ? ನಾನ್ ಕೇಳದು, ಬಣ್ಣ ಇದೇನಾ?"

ನಾನು ನೋಡಿದೆ. ಬೆಲ್ಲದ ಬಣ್ಣವೇ. ನಾನು ಹೇಳಿದ್ದ ಹೆಸರಿನ ಬಣ್ಣವೇ. ಹಿಂದಿನ ದಿನ ನೋಡಿದ್ದಕ್ಕಿಂತ ಇದು ಸ್ವಲ್ಪ ಗಾಢ ಎಂದು ಒಳಗೆ ಏನೋ ಹೇಳಿತು. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

"ಇದೇ ಸಾರ್," ಎಂದೆ.

ಕಾಗದಕ್ಕೆ ಸಹಿ ಹಾಕಿ ಷೆಡ್ಡಿಗೆ ಬಂದೆ. ಮೇಸ್ತ್ರಿ ಚಹಾ ಕುಡಿಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಎಷ್ಟೊತ್ಗೆ ನೋಡ್ದೆ?"

"ಆರೂ ಮುಕ್ಕಾಲು."

ಅವರು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಲಿಲ್ಲ, ರಸ್ತೆ ನೋಡಿದರು.

"ಒಂಬತ್ತೂವರೆಗಂಟ ಡಬ್ಬ ಮುಚ್ಳ ತೆಗೆಯಲ್ಲ ನೀನು," ಎಂದರು. "ಆರೂ ಮುಕ್ಕಾಲ್ಗೆ ಬಾಯ್ ತೆಗ್ದಿಯಲ್ಲೋ."

ಬೈದಿದ್ದರೆ ಚೆನ್ನಾಗಿತ್ತು. ನಾನು ಅಲ್ಲೇ ನಿಂತುಕೊಂಡೆ.

ಮಾದರಿಗೆಂದು ಬಣ್ಣ ಹೊಡೆದಿಟ್ಟ ತಗಡುಗಳು ಷೆಡ್ಡಿನಲ್ಲಿವೆ, ಅಂಗೈ ಎರಡರಷ್ಟು ಅಗಲದವು. ಅವುಗಳಲ್ಲಿ ಬೆಲ್ಲ, ಬೆಳ್ಳಿ, ಬಿಳಿ, ಮೂರನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ. ಮರುದಿನ ಬೆಳಗ್ಗೆ ಅದೇ ಜಾಗಕ್ಕೆ ಹೋಗಿ ಗಾಡಿ ನಿಲ್ಲಿಸಿದೆ. ರಸ್ತೆಯಲ್ಲಿ ಹಾಲಿನ ಕಲೆ ಕಾಣುತ್ತಿರಲಿಲ್ಲ. ಯಾರೋ ಒಂದು ಹಿಡಿ ಚೆಂಡುಹೂವು ಇಟ್ಟು ಹೋಗಿದ್ದರು. ಕಬ್ಬಿನ ಗದ್ದೆಯ ಬದುವಿಗೆ ಮೂರು ತಗಡನ್ನೂ ಒರಗಿಸಿ, ಕಾರಿನ ಬೆನ್ನು ಹೇಗೆ ಸೂರ್ಯನಿಗೆ ಎದುರಾಗಿತ್ತೋ ಹಾಗೆ ತಿರುಗಿಸಿ, ಹಿಂದಕ್ಕೆ ನಡೆದು ಬಂದು ನಿಂತೆ.

ಆರೂ ಮುಕ್ಕಾಲಿಗೆ ಬಿಸಿಲು ರಸ್ತೆಯ ಮೇಲೆ ಮಲಗಿದ ಹಾಗೆ ಬಂತು. ಬೆಲ್ಲದ ತಗಡು ಬೆಲ್ಲವಾಗಿ ಉಳಿಯಲಿಲ್ಲ, ಹುಣಸೆಹಣ್ಣಿನಷ್ಟು ಕಪ್ಪು ಕೆಂಪಾಯಿತು. ಬಿಳಿ ಬೆಣ್ಣೆಯಂತಾಯಿತು. ಬೆಳ್ಳಿಯ ತಗಡು ಬೆಲ್ಲವಾಯಿತು. ನಾನು ನೋಡಿದ್ದ ಬೆಲ್ಲ. ಗಾಢವಲ್ಲದ, ಅಚ್ಚಿಗೆ ಹೊಯ್ದ ಆ ಗಳಿಗೆಯ ಬೆಲ್ಲ.

ಎಂಟು ಗಂಟೆಯವರೆಗೆ ಅಲ್ಲೇ ನಿಂತಿದ್ದೆ. ನೋಡನೋಡುತ್ತಾ ಮೂರೂ ತಮ್ಮ ತಮ್ಮ ಬಣ್ಣಕ್ಕೆ ಮರಳಿದವು.

ಠಾಣೆಗೆ ಹೋಗಿ ಹೇಳಿದೆ. ತಗಡುಗಳನ್ನು ಮೇಜಿನ ಮೇಲಿಟ್ಟೆ. ಟ್ಯೂಬ್‌ಲೈಟಿನ ಕೆಳಗೆ ಅವು ಏನನ್ನೂ ತೋರಿಸಲಿಲ್ಲ.

"ಏನಯ್ಯಾ, ನಿನ್ ಕಣ್ಣು ದಿನಕ್ಕೊಂದು ತರಾನಾ?" ಎಂದರು ಎಸ್ಸೈ. "ಮೊನ್ನೆ ಬೆಲ್ಲ, ಇವತ್ತು ಬೆಳ್ಳಿ. ನಾಳೆ ಹಸಿರು ಅಂತೀಯಾ?"

"ಬೆಳ್ಳಿ ಅಂತಾನೂ ಆಣೆ ಮಾಡಲ್ಲ ಸಾರ್. ಬೆಲ್ಲ ಅಲ್ಲ ಅಂತ ಮಾಡ್ತೀನಿ. ಇವ್ರದ್ದಲ್ಲ."

"ಅವ್ನು ನಿಂಗೆ ನೆಂಟನಾ?"

"ನಿನ್ನೆಗಂಟ ನೋಡೇ ಇರ್ಲಿಲ್ಲ."

"ಹಂಗಿದ್ರೆ ಹೋಗು. ಸಹಿ ಹಾಕಿದ್ದೀಯ. ಕೋರ್ಟಲ್ಲಿ ಯೋಳು."

ಗೋಡೆಗೆ ಒರಗಿದ್ದವರು ಆಗ ಮಾತಾಡಿದರು. ತಾವು ಆರೂ ಕಾಲಿಗೇ ಆಸ್ಪತ್ರೆಯಲ್ಲಿದ್ದೆವು ಎಂದು ಮೊದಲ ದಿನದಿಂದ ಹೇಳುತ್ತಲೇ ಇದ್ದರಂತೆ. ಎಲ್ಲರೂ ಹಾಗೇ ಹೇಳುವುದು ಎಂದು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಪೇಂಟರೊಬ್ಬ ಅಷ್ಟು ಗಟ್ಟಿಯಾಗಿ ಬಣ್ಣ ಹೇಳಿದ ಮೇಲೆ ವೇಳೆಯನ್ನು ವಿಚಾರಿಸುವ ಅಗತ್ಯ ಪೊಲೀಸರಿಗೆ ಕಂಡಿರಲಿಲ್ಲ.

ನಾನು ಆಸ್ಪತ್ರೆಗೆ ಹೋದೆ. ಡಯಾಲಿಸಿಸ್ ವಾರ್ಡಿನ ನರ್ಸು ಮೊದಲು ದಾಖಲೆಯ ಪುಸ್ತಕ ತೋರಿಸಲು ಒಪ್ಪಲಿಲ್ಲ. ಹೊರಗೆ ಕೂತೆ. ಸಂಜೆಗೆ ಪಾಳಿ ಬದಲಾದ ಮೇಲೆ ಇನ್ನೊಬ್ಬ ನರ್ಸು ಪುಸ್ತಕ ತೆರೆದರು. ಮಿಷನ್ನಿಗೆ ಹಾಕುವ ಮುಂಚೆ ರೋಗಿಯ ತೂಕ ನೋಡಿ ವೇಳೆಯ ಜೊತೆ ಬರೆಯುವುದು ಅಲ್ಲಿಯ ಪದ್ಧತಿ. ಆ ದಿನ ಆ ಹೆಂಗಸಿನ ತೂಕ ಬರೆದದ್ದು ಆರು ಇಪ್ಪತ್ತೈದಕ್ಕೆ. ಹನಕೆರೆಯ ಬಳಿ ಕ್ಯಾನು ರಸ್ತೆಗೆ ಬಿದ್ದದ್ದು ಅದಾಗಿ ಇಪ್ಪತ್ತು ನಿಮಿಷಕ್ಕೆ.

ಎಸ್ಸೈಗೆ ಫೋನು ಮಾಡಿದೆ. ನಾಳೆ ಕಳಿಸುತ್ತೇನೆ ಎಂದರು. ಮರುದಿನ ಅವರ ಕಡೆಯವರು ಬಂದು ಪುಸ್ತಕ ನೋಡಿ ಹೋದದ್ದು ಹತ್ತೂವರೆಗೆ. ಬ್ಲಫ್‌ನವರನ್ನು ಬಿಟ್ಟದ್ದು ಹನ್ನೆರಡಕ್ಕೆ.

ಆ ದಿನವೇ ಅವರ ಹೆಂಡತಿಯ ಸರದಿ. ಅವರು ಒಬ್ಬರೇ ಬ್ಲಫ್‌ನಿಂದ ಸಿಕ್ಕಿದ ಬಸ್ಸಿಗೆ ಮಳವಳ್ಳಿಗೆ ಬಂದು, ಅಲ್ಲಿ ಕಾದು, ಇನ್ನೊಂದು ಬಸ್ಸಿನಲ್ಲಿ ಅರ್ಧ ದಾರಿ ನಿಂತುಕೊಂಡೇ ಮಂಡ್ಯಕ್ಕೆ ಬಂದಿದ್ದರು. ಅಷ್ಟರಲ್ಲಿ ಮಿಷನ್ನು ಮುಂದಿನವರಿಗೆ ಹೋಗಿತ್ತು. ನಾಳೆ ಬನ್ನಿ ಎಂದರು. ಆ ನಾಳೆಯಾಗುವ ಮುಂಚೆಯೇ ಎದೆಗೆ ನೀರು ಏರಿ, ಉಸಿರು ಕಟ್ಟಿ, ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿಗೆ ಸೇರಿಸಬೇಕಾಯಿತು. ಬದುಕಿದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಅವರ ಗಂಡನಿಂದ.

ಅದಕ್ಕೂ ಮುಂಚೆ ಷೆಡ್ಡಿಗೆ ಬಂದವರು ಸತ್ತ ಹೆಂಗಸಿನ ಗಂಡ. ತಲೆ ಬೋಳಿಸಿಕೊಂಡಿದ್ದರು. ಹೊಂಗೆ ಮರದ ಕೆಳಗೆ ನಿಂತು, ಕುರ್ಚಿ ಕೊಟ್ಟರೂ ಕೂರದೆ ಕೇಳಿದರು.

"ಬೆಲ್ಲದ್ ಬಣ್ಣ ಅಲ್ವಂತೆ?"

"ಅಲ್ಲ ಕಣಣ್ಣ. ನಂದು ತಪ್ಪಾಯ್ತು."

"ಅಂಗಾರೆ ಯಾವ್ದು?"

"ಬೆಳ್ಳಿ ಇರ್ಬೌದು. ಬಿಳೀಲೇ ಒಂದು ಜಾತಿ ಐತೆ, ಮಿಣಮಿಣ ಅನ್ನೋದು, ಅದೂ ಇರ್ಬೌದು."

ಅವರು ರಸ್ತೆಯ ಕಡೆ ತಿರುಗಿದರು. ಒಂದು ಬಿಳಿ ಕಾರು ಹೋಯಿತು. ಅದರ ಹಿಂದೆ ಇನ್ನೊಂದು. ಒಂದು ಬೆಳ್ಳಿ. ಮತ್ತೆ ಬಿಳಿ. ಅವು ಹೋಗುವವರೆಗೂ ನೋಡಿದರು.

"ಅಂಗಂದ್ರೆ ಎಲ್ರೂವೆ," ಎಂದರು. ನನ್ನ ಕಡೆ ತಿರುಗಿ, "ನೀನು ಸುಮ್ನೆ ಬಿಳಿ ಅಂದ್ಬುಟ್ಟಿದ್ರೆ ಅವತ್ತೇ ಕೈ ಬುಡ್ತಿದ್ವಿ. ಮೂರ್ ದಿನ ಸಿಕ್ದ ಅನ್ಕಂಡಿದ್ವಿ ಕಣಪ್ಪ," ಎಂದು ಹೇಳಿ ಹೊರಟು ಹೋದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಆ ಕಾರು ಇವತ್ತಿಗೂ ಸಿಕ್ಕಿಲ್ಲ.

ತಿಂಗಳೊಂದು ಕಳೆದ ಮೇಲೆ ಬ್ಲಫ್‌ನವರು ಕಾರು ತಂದರು. ಹೊಸ ಗಾಜು ಹಾಕಿಸಿದ್ದರು. ನಾನು ಕೆಲಸ ಬಿಟ್ಟು ಎದ್ದು ನಿಂತೆ. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

"ಬಿಳಿ ಹೊಡೀರಿ," ಎಂದರು.

ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಸಿ ಪುಸ್ತಕದಲ್ಲೂ ಬದಲಿಸಬೇಕು ಎಂದೆ. ಅದನ್ನು ವಿಚಾರಿಸಿಕೊಂಡೇ ಬಂದಿದ್ದರು. ಬಂಪರನ್ನು ಮಾತ್ರ ಸರಿಮಾಡಿ ಕೊಡುತ್ತೇನೆ, ಈ ಬಣ್ಣ ನನ್ನ ಕೈಗೆ ಚೆನ್ನಾಗಿ ಬರುತ್ತದೆ ಎಂದೆ.

"ಇಲ್ಲ. ಬಿಳಿ."

"ಬಿಳೀಲಿ ಬೇಕಾದಷ್ಟು ತರ ಐತೆ ಸಾರ್. ಯಾವ ಬಿಳಿ?"

"ಎಲ್ಲರದ್ದೂ ಇದೆಯಲ್ಲ," ಎಂದರು. "ಅದೇ."

ಅಮ್ಮನವರಿಗೆ ಗುರುತು ಸಿಗುವುದು ಹೇಗೆ ಎಂದು ಕೇಳಬೇಕೆಂದಿದ್ದೆ. ಕೇಳುವ ಅಧಿಕಾರ ನನಗಿತ್ತು ಎಂದು ಅನಿಸಲಿಲ್ಲ. ಅವರೇ ಹೊರಡುವಾಗ, "ಮೊನ್ನೆ ಬರೋವಾಗ ಮದ್ದೂರು ಸಿಗ್ನಲ್‌ನಲ್ಲಿ ನಿಂತಿದ್ವಿ. ಪಕ್ಕದವನು ಬಗ್ಗಿ ಬಗ್ಗಿ ಕಾರ್ ನೋಡ್ದ. ಅವಳು ನಡುಗೋಕೆ ಶುರು ಮಾಡಿದಳು," ಎಂದರು.

ಒಂಬತ್ತು ದಿನ ಹಿಡಿಯಿತು. ಬಾಗಿಲುಗಳನ್ನು ಕಳಚಿದೆ. ಬಾನೆಟ್ಟಿನ ಒಳಮೈ, ಡಿಕ್ಕಿಯ ಅಂಚು, ಬಾಗಿಲು ತೆಗೆದಾಗ ಕಾಣುವ ಕಂಬಗಳು, ಎಲ್ಲವನ್ನೂ ನೀರು ಬಿಟ್ಟುಕೊಂಡು ಉಜ್ಜಿದೆ. ಬೆಲ್ಲದ ಬಣ್ಣದ ನೀರು ಷೆಡ್ಡಿನ ನೆಲದಲ್ಲಿ ಹರಿದು ಮೋರಿಗೆ ಹೋಯಿತು. ಒಂದು ಕಡೆಯೂ ಹಳೆಯ ಬಣ್ಣ ಉಳಿಯಬಾರದು ಎಂದು ಅವರು ಹೇಳಿದ್ದರು, ಒಂದು ಕಡೆಯೂ ಉಳಿಸಲಿಲ್ಲ. ಬಿಳಿಯನ್ನು ಹತ್ತು ಗಂಟೆಯ ಬಿಸಿಲಿನಲ್ಲಿ ಕಲೆಸಿದೆ. ಅಚ್ಚ ಬಿಳಿ ಬೇಗ ಹಳದಿಗೆ ತಿರುಗಿದಂತೆ ಕಾಣುತ್ತದೆಂದು ನಮ್ಮ ಮೇಸ್ತ್ರಿ ಒಂದು ತೊಟ್ಟು ನೀಲಿ ಹಾಕುವುದನ್ನು ಕಲಿಸಿದ್ದರು. ಆ ಒಂದು ತೊಟ್ಟು ಹಾಕಿದೆ. ಮೇಸ್ತ್ರಿ ಕುರ್ಚಿಯಿಂದ ಎದ್ದು ಬಂದು ಬಾಗಿಲನ್ನು ಓರೆಯಾಗಿ ನೋಡಿದರು. "ಕೆಲ್ಸ ಸುದ್ದವಾಗೈತೆ," ಎಂದರು. ಅವರು ಹಾಗೆ ಹೇಳುವುದು ಅಪರೂಪ. ನನಗೆ ಸಂತೋಷವಾಗಲಿಲ್ಲ.

ಕಳೆದ ತಿಂಗಳು ಮೇಸ್ತ್ರಿಯ ಬಿಪಿ ಮಾತ್ರೆ ತರಲು ಆಸ್ಪತ್ರೆಗೆ ಹೋಗಿದ್ದೆ. ಹನ್ನೊಂದೂವರೆ ಇರಬಹುದು. ಆ ಹೆಂಗಸು ಮೆಟ್ಟಿಲ ಮೇಲೆ ನಿಂತಿದ್ದರು. ತೋಳಿಗೆ ಹೊಸ ಬ್ಯಾಂಡೇಜು. ಗಂಡ ಔಷಧಿಯ ಸಾಲಿನಲ್ಲಿದ್ದದ್ದು ನನಗೆ ಕಾಣುತ್ತಿತ್ತು. ಅವರು ಕಾಯದೆ, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, ಕಾರುಗಳ ಸಾಲಿಗೆ ಬಂದರು. ಮೊದಲನೆಯ ಬಿಳಿ ಕಾರಿನ ಗಾಜಿಗೆ ಮುಖ ಹತ್ತಿರ ಹಿಡಿದು ನೋಡಿದರು. ಮುಂದಕ್ಕೆ ಹೋದರು. ಎರಡನೆಯದರ ಬಾಗಿಲು ಎಳೆದು ನೋಡಿದರು, ಬರಲಿಲ್ಲ. ಮೂರನೆಯದರ ಒಳಗೆ ಡ್ರೈವರು ಕೂತಿದ್ದ.

"ಯಾರ್ ಗಾಡಿ ಅನ್ಕಂಡೆ ಅಜ್ಜಿ? ಇದು ಬಾಡ್ಗೆಗ್ ಬಂದಿರೋದು," ಎಂದು ನಕ್ಕ.

ಅವರ ಕಾರು ಆ ತುದಿಯಿಂದ ಎರಡನೆಯದು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು, ಆ ಒಂದು ತೊಟ್ಟು ನೀಲಿಯಿಂದ. ಬೇರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಹೋಗಿ, "ಅಮ್ಮ, ನಿಮ್ದು ಈ ಕಡೆ," ಎಂದೆ. ನನ್ನ ಮೊಣಕೈ ಹಿಡಿದುಕೊಂಡು ಬಂದರು. ಬಾಗಿಲನ್ನು ಅಂಗೈಯಿಂದ ಸವರಿದರು. ಹಿಡಿಯ ಕೆಳಗೆ ಒಂದು ತಗ್ಗು ಇದೆ, ಹಳೆಯದು, ತುಂಬಬೇಡಿ ಎಂದು ಗಂಡ ಹೇಳಿದ್ದರು. ಬೆರಳು ಅದಕ್ಕೆ ತಾಗಿದ ಮೇಲೆ ಅವರಿಗೆ ನಂಬಿಕೆ ಬಂತು.

"ನಿಂಗೆಂಗ್ ಗೊತ್ತಾಯ್ತಪ್ಪ?"

"ಬಣ್ಣ ಒಡ್ದೋನು ನಾನೇ ಕಣಮ್ಮ."

ಅವರು ನನ್ನ ಮುಖದ ಹತ್ತಿರಕ್ಕೆ ಮುಖ ತಂದು ನೋಡಿದರು. ಕಲ್ಲುಬೆಂಚಿನ ಮುಂದೆ ನಿಂತಿದ್ದವನು ನಾನೇ ಎಂದು ಅವರಿಗೆ ಗುರುತು ಹತ್ತಿತೋ ಇಲ್ಲವೋ ಹೇಳಲಾರೆ.

"ಮುಂಚೆ ನಮ್ದು ಬೆಲ್ಲದ್ ಬಣ್ಣ ಇತ್ತು ಕಣಪ್ಪ," ಎಂದರು. "ದೂರಕ್ಕೇ ಕಾಣ್ಸದು."

"ಗೊತ್ತು ಕಣಮ್ಮ," ಎಂದೆ.

ಬಾಗಿಲಿಗೆ ಬೀಗ ಹಾಕಿತ್ತು, ಬೀಗದ ಕೈ ಗಂಡನ ಹತ್ತಿರ. ಅವರು ಬರುವವರೆಗೆ ಆಕೆಯನ್ನು ಕಾರಿನ ನೆರಳಿಗೆ ನಿಲ್ಲಿಸಿ, ನಾನು ಬಿಸಿಲಲ್ಲಿ ನಿಂತೆ.